ದೇವರ ವಿಷಯವನ್ನು ಸಭೆ ಸೇರಿ ತೀರ್ಮಾನಿಸಬಹುದೇ? ನೈಸಿಯಾ ಸಭೆಯ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಸೋಂದೆಯ ಓದುಗ, ಶಿರಸಿ

ಬಳಗದವರಿಗೆಲ್ಲ ನಮಸ್ಕಾರ.

ಈಚೆಗೆ ಸಹೋದ್ಯೋಗಿಯೊಬ್ಬರು ತಮ್ಮ ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಕರೆದಿದ್ದರಿಂದ ಕಾರವಾರಕ್ಕೆ ಹೋಗಿ, ಬಲಿಪೂಜೆ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರವಚನ ಮುಗಿದ ಕೂಡಲೇ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ತಮ್ಮ ವಿಶ್ವಾಸ ಪ್ರಮಾಣವನ್ನು ಹೇಳಿದರು. ಅದರಲ್ಲಿ ಕ್ರಿಸ್ತನನ್ನು ಕುರಿತು ‘ಜನಿಸಿದವರು, ಸೃಷ್ಟಿಯಾದವರಲ್ಲ’ ಎಂಬ ಅರ್ಥದ ಸಾಲೊಂದು ಬಂತು. ನಾನು ಸಂಸ್ಕೃತ ಓದಿಕೊಂಡವನು. ಜನಿಸುವುದನ್ನೂ ಸೃಷ್ಟಿಯಾಗುವುದನ್ನೂ ಇಷ್ಟು ಎಚ್ಚರದಿಂದ ಬೇರ್ಪಡಿಸಿದ ಆ ಸಾಲು ನನಗೆ ಪ್ರಾರ್ಥನೆಯಂತೆ ಕೇಳಿಸಲಿಲ್ಲ. ಯಾವುದೋ ಪೂರ್ವಪಕ್ಷವನ್ನು ಖಂಡಿಸಿ ಬರೆದ ಸಿದ್ಧಾಂತವಾಕ್ಯದಂತೆ ಕೇಳಿಸಿತು. ವಿಚಾರಿಸಿದಾಗ ಸಹೋದ್ಯೋಗಿಗಳು, ಅದು ಕ್ರಿ.ಶ. 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ ಬಿಷಪರೆಲ್ಲ ಸಭೆ ಸೇರಿ ನಿರ್ಣಯಿಸಿದ ಮಾತೆಂದೂ, 2025ಕ್ಕೆ ಅದಕ್ಕೆ 1700 ವರ್ಷ ತುಂಬಿತೆಂದೂ ಹೇಳಿದರು.

ಅಂದಿನಿಂದ ಒಂದು ಸಂಶಯ ನನ್ನನ್ನು ಬಿಟ್ಟಿಲ್ಲ. ನಮ್ಮ ಸೋಂದೆಯಲ್ಲಿ ಅದ್ವೈತದ ಸ್ವರ್ಣವಲ್ಲಿ ಮಠ, ವಾದಿರಾಜರ ವೃಂದಾವನವಿರುವ ದ್ವೈತ ಮಠ, ಜೈನ ಮಠ ಮೂರೂ ಒಂದೇ ಸೀಮೆಯಲ್ಲಿವೆ. ಜೀವನಿಗೂ ಬ್ರಹ್ಮಕ್ಕೂ ಭೇದವುಂಟೋ ಇಲ್ಲವೋ ಎಂಬ ವಾದ ಶತಮಾನಗಳಿಂದ ನಡೆದಿದೆ, ಗ್ರಂಥಕ್ಕೆ ಪ್ರತಿಗ್ರಂಥ ಬಂದಿದೆ. ಆದರೆ ಮೂರೂ ಮಠದವರನ್ನು ಒಂದು ಚಾವಡಿಯಲ್ಲಿ ಕೂರಿಸಿ, ಇಂದಿನಿಂದ ಇದೇ ಸತ್ಯ, ಒಪ್ಪದವನು ಹೊರಗೆ ಎಂದು ಯಾರೂ ಹೇಳಲಿಲ್ಲ. ಕ್ರೈಸ್ತರಿಗೆ ಹಾಗೆ ಹೇಳಲೇಬೇಕಾದ ಅಗತ್ಯ ಏಕೆ ಬಂತು? ತತ್ತ್ವದ ಸತ್ಯ ಬಹುಮತದಿಂದ ನಿಲ್ಲುತ್ತದೆಯೇ? ಯಾರನ್ನೂ ನೋಯಿಸಲು ಕೇಳುತ್ತಿಲ್ಲ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಕಾಳಿತೀರ, ಕಾರವಾರ

ಸೋಂದೆಯ ಓದುಗರಿಗೆ ವಂದನೆಗಳು. ಭಾನುವಾರದ ಮಕ್ಕಳಿಗೆ ಹಲವು ವರ್ಷ ಧರ್ಮೋಪದೇಶದ ಪಾಠ ಹೇಳಿದವನು ನಾನು. ತಾವು ಹೇಳಿದ ಸಾಲನ್ನು ಎಷ್ಟು ಸಲ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಅದು ಸಿದ್ಧಾಂತವಾಕ್ಯದಂತೆ ಕೇಳಿಸುತ್ತದೆಂದು ಈವರೆಗೆ ಯಾರೂ ನನಗೆ ಹೇಳಿರಲಿಲ್ಲ. ತಮಗೆ ಕೇಳಿಸಿದ್ದು ಸರಿಯಾಗಿಯೇ ಇದೆ. ಅದಕ್ಕೊಬ್ಬ ಪೂರ್ವಪಕ್ಷಿಯೂ ಇದ್ದ.

ಅವನು ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಯಾಜಕ ಏರಿಯಸ್. ಅವನ ವಾದ ಹೀಗಿತ್ತು: ದೇವರು ಒಬ್ಬನೇ, ಅವನಿಗೆ ಹುಟ್ಟೂ ಇಲ್ಲ, ಮೂಲವೂ ಇಲ್ಲ. ಸುತ ಎಂದಮೇಲೆ ಪಿತನಿಂದ ಬಂದವನು, ಬಂದವನಿಗೆ ಆರಂಭವಿರಲೇಬೇಕು, ಆದ್ದರಿಂದ ಕ್ರಿಸ್ತ ಸೃಷ್ಟಿಯಲ್ಲೆಲ್ಲ ಮೊದಲಿಗ, ಎಲ್ಲಕ್ಕಿಂತ ಶ್ರೇಷ್ಠ, ಆದರೂ ಸೃಷ್ಟಿಯೇ. ‘ಆತ ಇಲ್ಲದಿದ್ದದ್ದೂ ಉಂಟು’ ಎಂಬುದು ಅವನ ಪಕ್ಷದವರ ಪ್ರಸಿದ್ಧ ಮಾತು. ಅದಕ್ಕೆ ಅವರ ಬಳಿ ಪ್ರಮಾಣವಾಕ್ಯಗಳೂ ಇದ್ದವು. ಬೈಬಲ್ಲಿನ ಜ್ಞಾನೋಕ್ತಿಗಳ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ, ಕ್ರಿಸ್ತನೆಂದೇ ಅವರು ಓದುತ್ತಿದ್ದ ಜ್ಞಾನವು, ಪ್ರಭು ತನ್ನನ್ನು ಎಲ್ಲಕ್ಕೂ ಮೊದಲು ಸೃಷ್ಟಿಸಿದನೆಂದು ಗ್ರೀಕ್ ಪಾಠದಲ್ಲಿ ಹೇಳುತ್ತದೆ. ಯೊವಾನ್ನನ ಶುಭಸಂದೇಶದಲ್ಲಿ ಯೇಸುವೇ, ತಂದೆ ತನಗಿಂತ ದೊಡ್ಡವರು ಎನ್ನುತ್ತಾರೆ. ಎದುರಿನವರು ಅದೇ ಶುಭಸಂದೇಶದ ‘ನಾನೂ ತಂದೆಯೂ ಒಂದೇ’ ಎಂಬ ವಾಕ್ಯವನ್ನು ಮುಂದಿಡುತ್ತಿದ್ದರು. ಭೇದಶ್ರುತಿಯನ್ನೂ ಅಭೇದಶ್ರುತಿಯನ್ನೂ ಹೊಂದಿಸುವ ಕಷ್ಟ ಸೋಂದೆಯವರಿಗೆ ನಾನು ವಿವರಿಸಬೇಕಾದುದಲ್ಲ.

ಈ ವಾದ ಪಂಡಿತರ ನಡುವೆ ಮಾತ್ರ ಉಳಿಯಲಿಲ್ಲ. ಏರಿಯಸ್ ತನ್ನ ಮತವನ್ನು ನಾವಿಕರಿಗೆ, ಬೀಸುವವರಿಗೆ, ದಾರಿಹೋಕರಿಗೆ ಹಾಡುಗಳಾಗಿ ಕಟ್ಟಿಕೊಟ್ಟನೆಂದು ಅವನ ಕಡೆಯವನೇ ಆದ ಇತಿಹಾಸಕಾರ ಫಿಲೊಸ್ಟೋರ್ಜಿಯಸ್ ಬರೆದಿದ್ದಾನೆ. ನಮ್ಮ ಕಡೆ ಬೀಸುವ ಪದದಲ್ಲಿ, ದೋಣಿ ಎಳೆಯುವ ಪದದಲ್ಲಿ ಏನೆಲ್ಲ ಉಳಿದು ಬಂದಿದೆಯೆಂಬುದನ್ನು ನೆನೆದರೆ, ಆ ಹಾಡುಗಳ ಶಕ್ತಿ ಎಷ್ಟಿದ್ದೀತೆಂದು ಊಹಿಸಬಹುದು.

ಇನ್ನು ತಮ್ಮ ಮುಖ್ಯ ಪ್ರಶ್ನೆ, ಎರಡು ಮತಗಳನ್ನೂ ಅಕ್ಕಪಕ್ಕದಲ್ಲಿ ಏಕೆ ಬಿಡಲಾಗಲಿಲ್ಲ ಎಂಬುದು. ನನಗೆ ತಿಳಿದ ಮಟ್ಟಿಗೆ ಉತ್ತರ ಆರಾಧನೆಯಲ್ಲಿದೆ. ಅಷ್ಟರಲ್ಲಾಗಲೇ ಕ್ರೈಸ್ತರು ಕ್ರಿಸ್ತನಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದರು, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡುತ್ತಿದ್ದರು. ಸುತ ಸೃಷ್ಟಿಯೇ ಆಗಿದ್ದರೆ ಇಷ್ಟು ದಿನ ನಾವು ಸೃಷ್ಟಿಯನ್ನು ಪೂಜಿಸಿದಂತಾಯಿತಲ್ಲವೇ, ಸೃಷ್ಟಿಯಾದ ಒಂದು ವಸ್ತು ಇನ್ನೊಂದು ಸೃಷ್ಟಿಯನ್ನು ದೇವರೊಡನೆ ಕೂಡಿಸಲು ಹೇಗೆ ಸಾಧ್ಯ ಎಂಬುದು ಮುಂದೆ ಅಲೆಕ್ಸಾಂಡ್ರಿಯದ ಬಿಷಪರಾದ ಸಂತ ಅಥನೇಸಿಯಸರ ವಾದದ ತಿರುಳು. ಎರಡನೆಯ ಕಾರಣ ಬಲಿಪೂಜೆಯಲ್ಲಿ ಎಲ್ಲರೂ ಕೂಡಿ ಸ್ವೀಕರಿಸುವ ಪರಮಪ್ರಸಾದದ ಪಂಕ್ತಿ. ಅಲೆಕ್ಸಾಂಡ್ರಿಯದ ಬಿಷಪರು ಹೊರಗಿಟ್ಟ ಏರಿಯಸ್‌ನನ್ನು ನಿಕೋಮೀಡಿಯದ ಬಿಷಪರು ಬರಮಾಡಿಕೊಂಡರು. ಒಂದು ಊರಿನಲ್ಲಿ ಪ್ರಸಾದಕ್ಕೆ ಅನರ್ಹನಾದವನು ಇನ್ನೊಂದು ಊರಿನಲ್ಲಿ ಅರ್ಹನಾದರೆ, ಎಲ್ಲ ಊರಿನದೂ ಒಂದೇ ಧರ್ಮಸಭೆ ಎಂದು ಹೇಳುವುದು ಹೇಗೆ? ಒಂದೇ ಸಭೆಯೆಂಬ ನಂಬಿಕೆ ಇದ್ದುದರಿಂದಲೇ ಈ ಜಗಳ ಅಷ್ಟು ತೀವ್ರವಾಯಿತು.

ಸಭೆಗೆ ಬಂದವರ ಸಂಖ್ಯೆ ಸಂಪ್ರದಾಯದಲ್ಲಿ 318. ಅದು ಅಬ್ರಹಾಮನ ಮನೆಯಾಳುಗಳಿಗೆ ಬೈಬಲ್ಲಿನಲ್ಲಿ ಹೇಳಿರುವ ಸಂಖ್ಯೆಯೇ ಆದ್ದರಿಂದ, ಪ್ರತ್ಯಕ್ಷದರ್ಶಿಯಾದ ಕೈಸರಿಯದ ಯೂಸೇಬಿಯಸ್ ಕೊಡುವ ‘250ಕ್ಕೂ ಹೆಚ್ಚು’ ಎಂಬ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ. ಬಂದವರಲ್ಲಿ ನಿಯೋಕೈಸರಿಯದ ಬಿಷಪ್ ಪೌಲರೂ ಇದ್ದರೆಂದು ಐದನೆಯ ಶತಮಾನದ ಇತಿಹಾಸಕಾರ ಥಿಯೊಡೊರೆಟ್ ಬರೆದಿದ್ದಾರೆ. ರೋಮಿನ ಅರಸರು ಕ್ರೈಸ್ತರನ್ನು ಹಿಂಸಿಸಿದ ಕಾಲದಲ್ಲಿ ಕಾಯಿಸಿದ ಕಬ್ಬಿಣ ತಾಗಿಸಿದ್ದರಿಂದ ಅವರ ಎರಡೂ ಕೈಗಳ ನರಗಳು ಸುಟ್ಟು ಸ್ವಾಧೀನ ತಪ್ಪಿದ್ದವಂತೆ. ಇಂಥವರು ಕುಳಿತಿದ್ದ ಸಭೆಯನ್ನು ಅರಸನ ಮುಖ ನೋಡಿ ತಲೆಯಾಡಿಸಿದವರ ಕೂಟವೆಂದು ತಳ್ಳಿಬಿಡಲು ನನಗೆ ಮನಸ್ಸು ಬರುವುದಿಲ್ಲ.

ಅಲ್ಲಿ ಅವರಿಗೆದುರಾದ ಕಷ್ಟ ಪದದ್ದು. ಬೈಬಲ್ಲಿನ ಯಾವ ಮಾತು ಕೊಟ್ಟರೂ ಏರಿಯಸ್‌ನ ಪಕ್ಷದವರು ತಮ್ಮ ಅರ್ಥದಲ್ಲಿ ಒಪ್ಪಿಕೊಳ್ಳುತ್ತಿದ್ದರು. ಹೀಗಾಗಿ ಅವರು ಒಪ್ಪಲಾರದ ಒಂದು ಪದವನ್ನು ಹುಡುಕಬೇಕಾಯಿತು. ಆ ಪದ ‘ಹೋಮೊಊಸಿಯೋಸ್’: ಪಿತನ ಸತ್ತ್ವ ಯಾವುದೋ ಸುತನ ಸತ್ತ್ವವೂ ಅದೇ. ಆ ಪದ ಬೈಬಲ್ಲಿನಲ್ಲಿಲ್ಲ. ಅಷ್ಟೇ ಅಲ್ಲ, ಮೂರನೆಯ ಶತಮಾನದಲ್ಲಿ ಸಮೋಸಾಟದ ಪೌಲನೆಂಬ ಬೇರೊಬ್ಬ ಬಿಷಪನ ವಿಚಾರಣೆ ನಡೆದ ಅಂತಿಯೋಕ್ಯದ ಸಭೆ ಇದೇ ಪದವನ್ನು ಬೇರೊಂದು ಅರ್ಥದಲ್ಲಿ ನಿರಾಕರಿಸಿತ್ತೆಂದು ನಾಲ್ಕನೆಯ ಶತಮಾನದವರೇ ಹೇಳುತ್ತಾರೆ. ಆದ್ದರಿಂದ ಅನೇಕರು ಹಿಂಜರಿಯುತ್ತಲೇ ಸಹಿ ಹಾಕಿದರು; ಯೂಸೇಬಿಯಸ್ ತನ್ನ ಊರಿನವರಿಗೆ, ಯಾವ ಅರ್ಥದಲ್ಲಿ ಒಪ್ಪಿದೆನೆಂದು ವಿವರಿಸಿ ಪತ್ರವನ್ನೇ ಬರೆಯಬೇಕಾಯಿತು. ಕೊನೆಯವರೆಗೂ ಒಪ್ಪದೆ ಏರಿಯಸ್‌ನೊಂದಿಗೆ ಗಡಿಪಾರಾದ ಬಿಷಪರು ಇಬ್ಬರೇ, ಲಿಬಿಯದ ಸೆಕುಂದಸ್ ಮತ್ತು ಥಿಯೋನಾಸ್.

ಇಷ್ಟಾದರೂ ತೀರ್ಮಾನವಾಯಿತೇ ಎಂದರೆ, ಇಲ್ಲ. ತಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. 325ರಲ್ಲಿ ಸಿಕ್ಕ ಬಹುಮತ ಹತ್ತು ವರ್ಷವೂ ಗಟ್ಟಿಯಾಗಿ ನಿಲ್ಲಲಿಲ್ಲ. ಏರಿಯಸ್‌ನನ್ನು ಹಿಂದಕ್ಕೆ ಕರೆಸಲಾಯಿತು. 335ರಲ್ಲಿ ಅಥನೇಸಿಯಸರೇ ಗಡಿಪಾರಾದರು. ಅವರು ಒಟ್ಟು ಐದು ಸಲ ಊರು ಬಿಟ್ಟರು. 350ರ ದಶಕದಲ್ಲಿ ನಡುಪಂಥದವರು ‘ಹೋಮೊಇಊಸಿಯೋಸ್’ ಎಂಬ ಪದ ತಂದರು: ಅದೇ ಸತ್ತ್ವ ಎನ್ನುವುದು ಬೇಡ, ಅಂಥದೇ ಸತ್ತ್ವ ಎನ್ನೋಣ ಎಂದು. ಗ್ರೀಕಿನಲ್ಲಿ ನಡುವೆ ಒಂದೇ ಅಕ್ಷರದ ವ್ಯತ್ಯಾಸ, ನಮ್ಮ ಬರಹದಲ್ಲಾದರೆ ಒಂದು ಗುಡಿಸು ಕೊಟ್ಟು ಬಿಟ್ಟಷ್ಟು. ಆದರೆ ‘ಅದೇ’ ಎನ್ನುವುದಕ್ಕೂ ‘ಅಂಥದೇ’ ಎನ್ನುವುದಕ್ಕೂ ಇರುವ ದೂರ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. (ಈ ಒಂದಕ್ಷರದ ಜಗಳ ನೈಸಿಯಾದಲ್ಲೇ ನಡೆಯಿತೆಂದು ಅನೇಕರು ಬರೆಯುತ್ತಾರೆ; ಅದು ಆಮೇಲಿನದು.) 359ರಲ್ಲಿ ರಿಮಿನಿ ಮತ್ತು ಸೆಲ್ಯೂಕಿಯ ಎಂಬೆರಡು ಕಡೆ ಸೇರಿದ ಸಭೆಗಳಿಗೆ ನೈಸಿಯಾಕ್ಕಿಂತ ಹೆಚ್ಚು ಜನ ಬಿಷಪರು ಬಂದಿದ್ದರು. ಕೊನೆಗೆ ಸತ್ತ್ವ ಎಂಬ ಪದವನ್ನೇ ಕೈಬಿಟ್ಟ ಸೂತ್ರಕ್ಕೆ ಸಹಿ ಬಿತ್ತು. ಲೋಕವೆಲ್ಲ ನರಳಿತು, ತಾನು ಏರಿಯಸ್‌ನ ಮತಕ್ಕೆ ಸೇರಿದ್ದನ್ನು ಕಂಡು ಬೆರಗಾಯಿತು ಎಂದು ಸಂತ ಜೆರೋಮರು ಬರೆದದ್ದು ಈ ಗಳಿಗೆಯನ್ನು ಕುರಿತು.

ತಲೆ ಎಣಿಸಿದ್ದೇ ಸತ್ಯವಾಗಿದ್ದರೆ ಇಂದು ರಿಮಿನಿಯ ಮಾತು ಉಳಿಯಬೇಕಿತ್ತು. ಉಳಿದದ್ದು ನೈಸಿಯಾದ್ದು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ 150 ಬಿಷಪರು ಸೇರಿ ಅದನ್ನು ಎತ್ತಿಹಿಡಿದರು. ಪವಿತ್ರಾತ್ಮರನ್ನು ಪಿತ ಮತ್ತು ಸುತರೊಂದಿಗೆ ಸಮನಾಗಿ ಆರಾಧಿಸಬೇಕೆಂಬ ಭಾಗವನ್ನು ಈ ಸಭೆಯದೆಂದೇ ಎಣಿಸುತ್ತಾರೆ. ತಾವು ಕಾರವಾರದಲ್ಲಿ ಕೇಳಿದ ಪಾಠ ಈ 381ರ ಪಾಠ. ನಡುವೆ 56 ವರ್ಷ ಕಳೆದಿತ್ತು. ಅಷ್ಟು ಕಾಲ ಊರೂರಿನ ಸಭೆಗಳು ಆ ಪದವನ್ನು ತಿಕ್ಕಿ ನೋಡಿ, ಬಿಟ್ಟು ನೋಡಿ, ಮತ್ತೆ ಹಿಡಿದವು. ಅಥನೇಸಿಯಸರು 373ರಲ್ಲೇ ತೀರಿಕೊಂಡಿದ್ದರು, ಅದನ್ನು ಕಾಣಲಿಲ್ಲ.

ಉತ್ತರ: ಇತಿಹಾಸ ಬೋಧಕಿ, ಕುಮಟಾ

ಕಾಳಿತೀರ ಅವರ ಬರಹ ಚೆನ್ನಾಗಿದೆ, ಬಹಳ ಕಲಿತೆ. ಆದರೂ ಒಂದು ವಿಷಯದಲ್ಲಿ ಅವರನ್ನು ಒಪ್ಪಲಾರೆ. ಊರೂರಿನ ಸಭೆಗಳು ತಿಕ್ಕಿ ನೋಡಿ ಹಿಡಿದವು ಎನ್ನುವಾಗ ಅರಸರ ಕೈ ಹಿಂದಕ್ಕೆ ಸರಿದುಬಿಡುತ್ತದೆ.

ನೈಸಿಯಾ ಸಭೆಯನ್ನು ಕರೆದವನು ಚಕ್ರವರ್ತಿ ಕಾನ್‌ಸ್ಟಂಟೈನ್. ಬಿಷಪರಿಗೆ ಸರ್ಕಾರಿ ಅಂಚೆಯ ಗಾಡಿ ಕುದುರೆಗಳನ್ನು ಕೊಟ್ಟು ಕರೆಸಿಕೊಂಡವನು, ಉಪಚಾರ ಮಾಡಿದವನು, ಒಪ್ಪದವರನ್ನು ಗಡಿಪಾರು ಮಾಡಿದವನು ಅವನೇ. ಅವನಿಗೆ ಆಗ ಜ್ಞಾನಸ್ನಾನವೂ ಆಗಿರಲಿಲ್ಲ; ಅದು ಆದದ್ದು 337ರಲ್ಲಿ, ಸಾಯುವ ಮುನ್ನ, ಅದೂ ಏರಿಯಸ್‌ನ ಬೆಂಬಲಿಗನಾಗಿದ್ದ ನಿಕೋಮೀಡಿಯದ ಬಿಷಪ್ ಯೂಸೇಬಿಯಸ್‌ನ ಕೈಯಿಂದ. ಸಭೆಗೆ ಮೊದಲು ಅವನು ಎರಡೂ ಪಕ್ಷದವರಿಗೆ ಬರೆದ ಪತ್ರದಲ್ಲಿ, ಇದು ಕ್ಷುಲ್ಲಕ ವಿಷಯ, ಇದಕ್ಕಾಗಿ ಜನರನ್ನು ಒಡೆಯಬೇಡಿ ಎಂದು ಬೇಡಿಕೊಂಡಿದ್ದಾನೆ. ಅವನಿಗೆ ಬೇಕಾಗಿದ್ದದ್ದು ಸಾಮ್ರಾಜ್ಯದ ಒಗ್ಗಟ್ಟು. 359ರ ರಿಮಿನಿಯ ಸಹಿಗಳೂ ಅವನ ಮಗ ಕಾನ್‌ಸ್ಟಾಂಟಿಯಸ್‌ನ ಒತ್ತಡದಿಂದ ಬಂದವು. 381ರ ಗೆಲುವಿಗೆ ಮುಂಚೆ, 380ರಲ್ಲೇ ಚಕ್ರವರ್ತಿ ಥಿಯೊಡೋಸಿಯಸ್, ಪ್ರಜೆಗಳೆಲ್ಲ ರೋಮ್ ಮತ್ತು ಅಲೆಕ್ಸಾಂಡ್ರಿಯದ ಬಿಷಪರ ವಿಶ್ವಾಸವನ್ನೇ ಹಿಡಿಯಬೇಕೆಂದು ಶಾಸನ ಹೊರಡಿಸಿದ್ದ. ಅರಸ ಬದಲಾದಂತೆ ಗಡಿಪಾರಾಗುವವರು ಬದಲಾದರು. ನಾವು ಇತಿಹಾಸ ಹೇಳುವಾಗ ಆ ಗಡಿಪಾರಾದವರನ್ನೂ ಸೇರಿಸಿಕೊಂಡು ಹೇಳಬೇಕೆಂಬುದು ನನ್ನ ಕಳಕಳಿ.

ಜನಸಾಮಾನ್ಯರು ಮಾತ್ರ ಅರಸನ ಅಪ್ಪಣೆಗೆ ಕಾದು ಕುಳಿತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಕಾನ್‌ಸ್ಟಾಂಟಿನೋಪಲ್ಲಿನ ಪೇಟೆಯಲ್ಲಿ ಚಿಲ್ಲರೆ ಕೇಳಿದರೆ ಜನಿತ, ಅಜನಿತ ಎಂದು ತತ್ತ್ವ ಹೇಳುತ್ತಾರೆ, ರೊಟ್ಟಿಯ ಬೆಲೆ ಕೇಳಿದರೆ ಪಿತ ದೊಡ್ಡವನು, ಸುತ ಕೆಳಗಿನವನು ಎನ್ನುತ್ತಾರೆ, ಸ್ನಾನಕ್ಕೆ ನೀರು ಸಿದ್ಧವೇ ಎಂದರೆ ಸುತ ಶೂನ್ಯದಿಂದ ಬಂದವನು ಎಂಬ ಉತ್ತರ ಬರುತ್ತದೆ ಎಂದು ಆ ಕಾಲದ ಬಿಷಪ್ ನಿಸ್ಸಾದ ಗ್ರೆಗರಿ ದೂರಿದ್ದಾರೆ.

ಪ್ರಶ್ನೆ: ಸೋಂದೆಯ ಓದುಗ, ಶಿರಸಿ

ಇಬ್ಬರಿಗೂ ಕೃತಜ್ಞ. ಓದಿದ ಮೇಲೆ ಇನ್ನೊಂದು ಸಂಶಯ ತಾನಾಗಿ ಹುಟ್ಟಿತು. ಸುತನೂ ಪಿತನ ಸತ್ತ್ವವೇ ಎಂದು ಸಿದ್ಧಾಂತವಾದ ಮೇಲೆ, ಹಸಿದವನು, ಅತ್ತವನು, ಶಿಲುಬೆಯ ಮೇಲೆ ಸತ್ತವನು ಯಾರು? ದೇವರು ಸತ್ತನೆಂದು ಹೇಳುವಂತಿಲ್ಲ. ಬರಿಯ ಮನುಷ್ಯ ಸತ್ತನೆಂದರೆ ನೈಸಿಯಾದ ಶ್ರಮ ವ್ಯರ್ಥವಾಗುತ್ತದೆ. ಇದಕ್ಕೆ ಅವರು ಏನು ಹೇಳಿದರು?

ಉತ್ತರ: ಶರಾವತಿ ಕೂಡಲು, ಹೊನ್ನಾವರ

ತಮ್ಮ ಈ ಪ್ರಶ್ನೆಯಿಂದಲೇ ಮುಂದಿನ 70 ವರ್ಷದ ಚರಿತ್ರೆ ಹೊರಟಿತು. ನಾನು ಅದನ್ನು ನಮ್ಮ ಮನೆಯಿಂದ ಆರಂಭಿಸುತ್ತೇನೆ.

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಅಜ್ಜಿ ತೆರ್ಸ್ ಹೇಳಿಸುತ್ತಿದ್ದರು. ಜಪಮಾಲೆಯ ಐವತ್ತು ಮಣಿಗೆ ಐವತ್ತು ಸಲ, ಕೊಂಕಣಿಯಲ್ಲಿ, ‘ದೇವಾಚೆ ಮಾಯೆ’ ಎಂದು ನಾವು ಮರಿಯಮ್ಮನನ್ನು ಕರೆಯುತ್ತಿದ್ದೆವು. ದೇವರ ತಾಯಿ ಎಂದರ್ಥ. ನಿದ್ದೆ ತೂಗುತ್ತ ಹೇಳಿದ ಆ ಎರಡು ಮಾತಿನ ಹಿಂದೆ 431ರ ಎಫೆಸಸ್ ಸಭೆ ಇದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ನೆಸ್ಟೋರಿಯಸ್‌ಗೆ ‘ಥಿಯೊಟೋಕೋಸ್’, ದೇವರನ್ನು ಹೆತ್ತವಳು, ಎಂಬ ಬಿರುದಿನ ಬಗ್ಗೆ ಆತಂಕವಿತ್ತು. ಅನಾದಿಯಾದ ದೇವರಿಗೆ ತಾಯಿ ಹೇಗೆ? ಕ್ರಿಸ್ತನ ತಾಯಿ ಎಂದರೆ ಸಾಕಲ್ಲವೇ ಎಂದು ಆತ ಕೇಳಿದ. ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಅದಕ್ಕೆ, ಹಾಗಾದರೆ ನೀವು ಕ್ರಿಸ್ತನನ್ನು ಇಬ್ಬರನ್ನಾಗಿ ಒಡೆಯುತ್ತಿದ್ದೀರಿ. ಹುಟ್ಟಿದವನೂ ಸತ್ತವನೂ ಒಬ್ಬನೇ, ಅವನು ದೇವರೇ, ಮನುಷ್ಯದೇಹದಲ್ಲಿ ಸಾವನ್ನು ಅನುಭವಿಸಿದವನು ಎಂದರು. ತಮ್ಮ ಪ್ರಶ್ನೆಗೆ ಸಿರಿಲರ ಉತ್ತರ ಇದು. ತಾಯಿ ಹೆರುವುದು ಒಬ್ಬ ವ್ಯಕ್ತಿಯನ್ನು, ಅವನ ಒಂದು ಭಾಗವನ್ನಲ್ಲ ಎಂಬುದು ಆ ವಾದದ ಬಲ. ಹೆರಿಗೆ ಕಂಡ ಯಾವ ಹೆಂಗಸಿಗಾದರೂ ಇದು ಅರ್ಥವಾಗುತ್ತದೆ.

ಸಭೆ ನಡೆದ ರೀತಿಯನ್ನು ಮಾತ್ರ ಹೊಗಳಲಾರೆ. ನೆಸ್ಟೋರಿಯಸ್‌ನ ಪರವಾಗಿದ್ದ ಅಂತಿಯೋಕ್ಯದ ಬಿಷಪ್ ಯೊವಾನ್ನ ಮತ್ತು ಅವರ ಕಡೆಯ ಬಿಷಪರು ಇನ್ನೂ ದಾರಿಯಲ್ಲಿರುವಾಗಲೇ, ಚಕ್ರವರ್ತಿಯ ಪ್ರತಿನಿಧಿ ಬೇಡವೆಂದರೂ, ಜೂನ್ 22ರಂದು ಸಿರಿಲ್ ಸಭೆ ಆರಂಭಿಸಿ ಅದೇ ದಿನ ನೆಸ್ಟೋರಿಯಸ್‌ನನ್ನು ಪದಚ್ಯುತಗೊಳಿಸಿದರು. ನಾಲ್ಕು ದಿನದ ಮೇಲೆ ಬಂದವರು ಬೇರೆ ಸಭೆ ಸೇರಿ ಸಿರಿಲರನ್ನೇ ಪದಚ್ಯುತಗೊಳಿಸಿದರು. ಸಿರಿಲ್ ಮತ್ತು ಯೊವಾನ್ನ ಇಬ್ಬರೂ ಪಟ್ಟು ಸಡಿಲಿಸಿ ಒಂದು ಒಪ್ಪಂದಕ್ಕೆ ಬಂದದ್ದು 433ರಲ್ಲಿ. ಆ ಒಪ್ಪಂದವನ್ನು ಓದಿದಾಗ, ಎರಡು ವರ್ಷ ತಾಳಿಕೊಂಡಿದ್ದರೆ ಎಷ್ಟು ಕಹಿ ತಪ್ಪುತ್ತಿತ್ತು ಎಂದು ನನಗೆ ಸಂಕಟವಾಗುತ್ತದೆ.

449ರಲ್ಲಿ ಎಫೆಸಸ್ಸಿನಲ್ಲೇ ಇನ್ನೊಂದು ಸಭೆ ಸೇರಿ, ಕ್ರಿಸ್ತನಲ್ಲಿ ದೈವ, ಮಾನುಷ ಎಂಬ ಎರಡು ಸ್ವಭಾವಗಳೆಂದ ಫ್ಲೇವಿಯನ್ ಎಂಬ ಬಿಷಪರನ್ನು ಗಲಭೆಯ ನಡುವೆ ಪದಚ್ಯುತಗೊಳಿಸಿತು. ಸ್ವಲ್ಪ ಕಾಲದಲ್ಲೇ ಅವರು ತೀರಿಕೊಂಡರು. ರೋಮಿನ ಪೋಪ್ ಲಿಯೋ ಅದನ್ನು ದರೋಡೆಯೆಂದು ಕರೆದರು. ಆ ಸಭೆಯ ಬೆನ್ನಿಗಿದ್ದ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ 450ರಲ್ಲಿ ಕುದುರೆಯಿಂದ ಬಿದ್ದು ಸತ್ತದ್ದರಿಂದಲೇ 451ರ ಕ್ಯಾಲ್ಸಿಡಾನ್ ಸಭೆ ಸಾಧ್ಯವಾಯಿತು, ಆದ್ದರಿಂದ ಕುಮಟಾದ ಸಹೋದರಿಯವರ ಮಾತನ್ನು ನಾನು ತೆಗೆದುಹಾಕಲಾರೆ. ಕ್ಯಾಲ್ಸಿಡಾನಿನ ನಿರ್ಣಯ ಹೀಗಿದೆ: ಒಬ್ಬನೇ ಕ್ರಿಸ್ತ, ಎರಡು ಸ್ವಭಾವ, ಅವು ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ. ನಾಲ್ಕೂ ನಿಷೇಧದ ಮಾತುಗಳೇ. ಹೇಗೆ ಕೂಡಿವೆಯೆಂದು ಅದು ಹೇಳಲಿಲ್ಲ; ಹೇಗೆಲ್ಲ ಹೇಳಬಾರದು ಎಂದಷ್ಟೇ ಬೇಲಿ ಹಾಕಿತು. ನೇತಿ ನೇತಿ ಓದಿದ ತಮಗೆ ಆ ವಿಧಾನ ಹೊಸದಲ್ಲ.

ಈಜಿಪ್ಟ್, ಆರ್ಮೇನಿಯ, ಇಥಿಯೋಪಿಯದ ಸಭೆಗಳೂ ಸಿರಿಯಾಕ್ ಆರ್ಥೊಡಾಕ್ಸ್ ಸಭೆಯೂ ಈ ಬೇಲಿಯನ್ನು ಇಂದಿಗೂ ಒಪ್ಪಿಲ್ಲ. ನೆಸ್ಟೋರಿಯಸ್‌ನನ್ನು ಹೊರಗಿಟ್ಟ ಎಫೆಸಸ್ಸಿನ ಒಡಕು ನಮ್ಮ ಕರಾವಳಿಗೂ ಬಂತು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಕೇರಳದ ಉದಯಂಪೇರೂರಿನಲ್ಲಿ ಸಭೆ ಕರೆದು, ಅಲ್ಲಿನ ಸಂತ ಥೋಮಸರ ಕ್ರೈಸ್ತರ ಪೂಜಾಕ್ರಮದಿಂದ ನೆಸ್ಟೋರಿಯಸ್‌ನ ಹೆಸರನ್ನು ತೆಗೆಸಿದರು, ಅವರ ಎಷ್ಟೋ ಸಿರಿಯಾಕ್ ಗ್ರಂಥಗಳನ್ನು ತಿದ್ದಿಸಲು, ಸುಡಲು ಆಜ್ಞೆ ಮಾಡಿದರು. ಆ ಗ್ರಂಥಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನೆಸ್ಟೋರಿಯಸ್ ಗಡಿಪಾರಿನಲ್ಲಿ ಬರೆದ ಆತ್ಮಸಮರ್ಥನೆಯ ಸಿರಿಯಾಕ್ ಅನುವಾದ 1910ರಲ್ಲಿ ಅಚ್ಚಾದ ಮೇಲೆ, ಅವನ ಮೇಲೆ ಹೊರಿಸಿದ್ದನ್ನೆಲ್ಲ ಅವನು ಹೇಳಿದ್ದನೇ ಎಂದು ವಿದ್ವಾಂಸರು ಮರುವಿಚಾರ ಮಾಡಿದರು. 1994ರ ನವೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ನೆಸ್ಟೋರಿಯಸ್‌ನನ್ನು ಗೌರವಿಸುತ್ತ ಬಂದ ಪೂರ್ವ ಅಸ್ಸೀರಿಯನ್ ಸಭೆಯ ಪಿತೃಪ್ರಧಾನ ನಾಲ್ಕನೆಯ ದಿನ್ಹಾ, ದೇವರ ತಾಯಿ ಎಂದರೂ ಕ್ರಿಸ್ತನ ತಾಯಿ ಎಂದರೂ ಇಬ್ಬರ ವಿಶ್ವಾಸವೂ ಒಂದೇ ಎಂಬ ಪ್ರಕಟಣೆಗೆ ಸಹಿ ಹಾಕಿದರು. 1563 ವರ್ಷ ಬೇಕಾಯಿತು.

ಕೊನೆಗೆ ನಾನು ಕಂಡದ್ದೊಂದು. ಉಡುಪಿ ಹತ್ತಿರದ ಬ್ರಹ್ಮಾವರದಲ್ಲಿ ಕೊಂಕಣಿ ಆಡುವ ಆರ್ಥೊಡಾಕ್ಸ್ ಸಮುದಾಯವಿದೆ. ಗೋವೆಯ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೇರಳದ ಮಲಂಕರ ಸಭೆಯಿಂದ ಬಿಷಪ್ ದೀಕ್ಷೆ ಪಡೆದು ಮುನ್ನಡೆಸಿದ ಸಮುದಾಯ ಅದು. ಕ್ಯಾಲ್ಸಿಡಾನನ್ನು ಒಪ್ಪದ ಪರಂಪರೆ. ಆದರೆ ನೈಸಿಯಾವನ್ನೂ ‘ದೇವರ ತಾಯಿ’ ಎಂಬ ಬಿರುದನ್ನೂ ನಮ್ಮಷ್ಟೇ ಗಟ್ಟಿಯಾಗಿ ಹಿಡಿದವರು. ಸಂಬಂಧಿಕರ ಮನೆಗೆ ಹೋದಾಗ ಒಂದು ಭಾನುವಾರ ಅವರ ಆರಾಧನೆಗೆ ಹೋಗಿ, ವಿಶ್ವಾಸ ಪ್ರಮಾಣವನ್ನು ಅವರೊಡನೆ ನಾನೂ ಹೇಳಿದೆ. 381ರ ಪಾಠದಲ್ಲಿ ಪವಿತ್ರಾತ್ಮರು ‘ಪಿತನಿಂದ’ ಹೊರಡುತ್ತಾರೆ ಎಂದಷ್ಟೇ ಇದೆ. ‘ಮತ್ತು ಸುತನಿಂದ’ ಎಂಬುದನ್ನು ಪಶ್ಚಿಮದವರು ಆಮೇಲೆ ಸೇರಿಸಿಕೊಂಡರು, ರೋಮಿನಲ್ಲಿ 1014ರಿಂದ. ಸಭೆ ಸೇರದೆ ಒಂದು ಪದ ಸೇರಿಸುವ ಅಧಿಕಾರ ಯಾರದು ಎಂಬ ಜಗಳ ಪೂರ್ವದವರಿಗೂ ನಮಗೂ ಇನ್ನೂ ತೀರಿಲ್ಲ. ಇದೆಲ್ಲ ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೂ ಆ ಜಾಗ ಬಂದಾಗ ಬಾಯಿ ತಾನಾಗಿ ‘ಮತ್ತು ಸುತನಿಂದ’ ಎಂದಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿ ಮುಂದಿನ ಸಾಲಿಗೆ ಹೋಗಿದ್ದರು.